ಗಂಧಕ್ಕೆ ಯಾರ ಹೆಸರು? ಕನ್ನಡ ನಾಡಿನ ಸುಗಂಧ ವ್ಯವಹಾರದಲ್ಲಿ ಅರಸ, ಊರು ಮತ್ತು ತಾರೆ

ಪ್ರವೇಶ

ಕಲಬುರಗಿ ಸೀಮೆಯ ಉರುಸು, ಜಾತ್ರೆಗಳಲ್ಲಿ ಅತ್ತರು ಮಾರುವವರ ಪೆಟ್ಟಿಗೆಯಂಗಡಿ ಇದ್ದೇ ಇರುತ್ತದೆ. ಗಿರಾಕಿ ಬಂದು ಕೂತರೆ ಅತ್ತರಿನವರು ಶೀಶೆಯ ಗಾಜಿನ ಬಿರಡೆ ತೆಗೆದು, ಅದರ ತುದಿಯನ್ನು ಗಿರಾಕಿಯ ಮುಂಗೈ ಮೇಲೆ ಎಳೆಯುತ್ತಾರೆ. ‘ಈಗೇ ಮೂಸಬ್ಯಾಡ್ರಿ, ಜರಾ ತಡೀರಿ’ ಎನ್ನುತ್ತಾರೆ. ಮೊದಲ ಕಾವು ಆರಿದ ಮೇಲೆ ಉಳಿಯುವುದೇ ಅತ್ತರಿನ ನಿಜವಾದ ಗುಣ ಎಂಬುದು ಅವರ ಕಸುಬಿನ ತಿಳಿವಳಿಕೆ. ಅದೇ ಗಿರಾಕಿ ಇದೇ ಸೀಮೆಯ ಚಂದಾಪುರಕ್ಕೋ ಸೇಡಂಗೋ ಮರಳಿ ಅಂಗಡಿಯಲ್ಲಿ ಸೆಂಟು ಕೊಳ್ಳುವಾಗ ಈ ಪರೀಕ್ಷೆಗೆ ಅವಕಾಶವಿಲ್ಲ. ಬಾಟಲಿಗೆ ಸೀಲು ಬಿದ್ದಿರುತ್ತದೆ. ಮೂಗಿನ ಕೆಲಸವನ್ನು ಅಲ್ಲಿ ಹೆಸರು ಮಾಡಬೇಕು. ಹೆಸರಿನ ಪಕ್ಕದಲ್ಲಿ ಒಬ್ಬ ತಾರೆಯ ಮುಖ ನಿಲ್ಲುತ್ತದೆ.

ಖ್ಯಾತನಾಮರ ಹೆಸರಿನಲ್ಲಿ ಸುಗಂಧ ಮಾರುವುದನ್ನು ನಾವು ಇತ್ತೀಚಿನ, ಪರದೇಶದ ರೂಢಿ ಎಂದು ತಿಳಿದಿದ್ದೇವೆ. ಕನ್ನಡ ನಾಡಿನ ಮಟ್ಟಿಗೆ ಸುಗಂಧಕ್ಕೂ ಖ್ಯಾತಿಗೂ ಇರುವ ನಂಟು ಬಹಳ ಹಳೆಯದು. ಆ ನಂಟು ಅರಸನ ಹೆಸರು, ಊರಿನ ಹೆಸರು, ತಾರೆಯ ಹೆಸರು ಎಂಬ ಮೂರು ರೂಪಗಳಲ್ಲಿ ಕಾಣಿಸಿಕೊಂಡಿದೆ. ಇವುಗಳಲ್ಲಿ ಬಾಳಿಕೆ ಬಂದದ್ದು ಊರಿನ ಹೆಸರು ಎಂಬುದು ಈ ಲೇಖನದ ವಾದ.

ಮಳಖೇಡ–ಕಲ್ಯಾಣದ ಗಂಧವಿದ್ಯೆ

ಈ ಚರ್ಚೆ ಸೇಡಂ ತಾಲ್ಲೂಕಿನಿಂದಲೇ ಆರಂಭವಾಗಬೇಕು. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅವರ ನಂತರ ಚಾಲುಕ್ಯರೂ ಇಲ್ಲಿಂದಲೇ ಆಳಿದರು. ಒಂದನೆಯ ಸೋಮೇಶ್ವರನ ಕಾಲದಲ್ಲಿ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಆ ಸ್ಥಳಾಂತರಕ್ಕೆ ಮುಂಚೆ, ಎರಡನೆಯ ಜಯಸಿಂಹನ ಆಳ್ವಿಕೆಯಲ್ಲಿ, ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ವನ್ನು ರಚಿಸಿದ. ನೆಲದಡಿಯ ನೀರು ಕಂಡುಹಿಡಿಯುವ ಬಗೆ, ಮರಗಿಡಗಳ ಆರೈಕೆ, ಅಡುಗೆ, ಮದ್ದು ಇವುಗಳ ಸಾಲಿನಲ್ಲಿಯೇ ಸುಗಂಧ ತಯಾರಿಕೆಗೂ ಒಂದು ಅಧ್ಯಾಯ ಅದರಲ್ಲಿದೆ. ಬಾವಿ ತೋಡುವ ವಿದ್ಯೆಯಂತೆ ಗಂಧದ ವಿದ್ಯೆಯೂ ಮನೆವಾರ್ತೆಗೆ ಬೇಕಾದದ್ದು ಎಂಬ ಎಣಿಕೆ ಈ ಜೋಡಣೆಯಲ್ಲಿ ಕಾಣುತ್ತದೆ.

ಒಂದು ಶತಮಾನದ ಬಳಿಕ ಕಲ್ಯಾಣದ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಲ್ಲಿ ವಿಲೇಪನ, ಧೂಪಗಳು ರಾಜಭೋಗಗಳಾಗಿ ಬರುತ್ತವೆ, ಬರೆದವನೂ ಅರಸನೇ. ಗೃಹಸ್ಥನ ಉಪಯೋಗಕ್ಕಿದ್ದ ವಿದ್ಯೆ ಇಲ್ಲಿ ಅರಸನ ಅಭಿರುಚಿಯ ಗುರುತಾಯಿತು. ಸುಗಂಧದೊಂದಿಗೆ ವ್ಯಕ್ತಿಯ ಪ್ರತಿಷ್ಠೆ ಬೆರೆಯುವ ಮೊದಲ ಹೆಜ್ಜೆಯನ್ನು ಈ ಎರಡು ಗ್ರಂಥಗಳ ನಡುವಿನ ಅಂತರದಲ್ಲಿ ಗುರುತಿಸಬಹುದು.

ನವರಸ: ಅರಸನ ಮುದ್ರೆ

ಎರಡನೆಯ ಹೆಜ್ಜೆ ವಿಜಯಪುರದ್ದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580–1627) ಸಂಗೀತಪ್ರಿಯ, ‘ಕಿತಾಬ್‌-ಎ-ನವರಸ್’ ಎಂಬ ಗೀತಸಂಕಲನದ ಕರ್ತೃ. ಒಂಬತ್ತು ರಸಗಳನ್ನು ಸೂಚಿಸುವ ‘ನವರಸ’ ಎಂಬ ಮಾತನ್ನು ಅವನು ತನ್ನ ಆಳ್ವಿಕೆಯ ಮುದ್ರೆಯಾಗಿಯೇ ಬಳಸಿದ. 1599ರಲ್ಲಿ ಕಟ್ಟಿಸತೊಡಗಿದ ಹೊಸ ಪಟ್ಟಣ ನವರಸಪುರವಾಯಿತು. ನಾಣ್ಯಕ್ಕೆ, ಅರಮನೆಗೆ, ಹಬ್ಬಕ್ಕೆ ಅದೇ ಹೆಸರು ಬಂತು. ಅವನ ಆಸ್ಥಾನದಲ್ಲಿ ನಿಜಾಮುದ್ದೀನ್ ಮಹಮೂದ್ ಎಂಬಾತ ಸುಗಂಧ ತಯಾರಿಕೆಯ ಬಗ್ಗೆ ಪಾರಸಿಯಲ್ಲಿ ಬರೆದ ಗ್ರಂಥದ ಹೆಸರೂ ‘ಇತ್ರ್‌-ಎ-ನವರಸ್‌ ಶಾಹಿ’. ಪೇಟೆ, ಜಾಹೀರಾತು ಇದರಲ್ಲಿ ಇಲ್ಲದಿದ್ದರೂ ಒಬ್ಬ ಖ್ಯಾತನ ಗುರುತನ್ನು ಸುಗಂಧಕ್ಕೆ ಅಂಟಿಸುವ ಕ್ರಮ ಇಲ್ಲಿ ಪೂರ್ಣವಾಗಿದೆ.

ಈ ಮುದ್ರೆಯ ಆಯುಷ್ಯವನ್ನೂ ಗಮನಿಸಬೇಕು. 1624ರಲ್ಲಿ ಮಲಿಕ್ ಅಂಬರ್‌ನ ದಾಳಿಗೆ ನವರಸಪುರ ಹಾಳಾಯಿತು. ಮೂರು ವರ್ಷಗಳಲ್ಲಿ ಇಬ್ರಾಹಿಂನೂ ತೀರಿಕೊಂಡ. ಅತ್ತರು ಹಚ್ಚುವ, ಪನ್ನೀರು ಚಿಮುಕಿಸುವ ರೂಢಿ ಮಾತ್ರ ಈ ಸೀಮೆಯ ಮದುವೆಮನೆ, ದರ್ಗಾ, ಮಠಗಳಲ್ಲಿ ಇಂದಿಗೂ ನಡೆದಿದೆ. ಅರಸನ ಹೆಸರು ಉದುರಿತು; ಬಳಕೆ ಉಳಿಯಿತು.

ಮೈಸೂರು: ಊರೇ ಹೆಸರಾದ ಬಗೆ

ಮೂರನೆಯ ಘಟ್ಟ ಮೈಸೂರು ಸಂಸ್ಥಾನದ್ದು. ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಸಾಗಣೆ ನಿಂತು, ಸಂಸ್ಥಾನದಲ್ಲಿ ಮರ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನ್ ವಿಶ್ವೇಶ್ವರಯ್ಯನವರ ಯೋಜನೆ, ಆಲ್ಫ್ರೆಡ್ ಚಾಟರ್ಟನ್ನರ ಕೈಗಾರಿಕಾ ಅನುಭವ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಯೋಗಗಳು ಕೂಡಿ 1916ರಲ್ಲಿ ಗಂಧದೆಣ್ಣೆ ಇಲ್ಲಿಯೇ ಭಟ್ಟಿಯಿಳಿಯತೊಡಗಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ 1918ರಲ್ಲಿ ಸಾಬೂನು ಹೊರಬಂತು.

ಪ್ರಚಾರದಲ್ಲಿ ಶಾಸ್ತ್ರಿಗಳು ಹಿಡಿದ ದಾರಿ ಇಂದಿನವರೂ ಓದಿಕೊಳ್ಳುವಂಥದು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿ, ಲಾಂಛನವಾಗಿ ಶರಭ. ಟ್ರಾಂ ಟಿಕೇಟು, ಬೆಂಕಿಪೆಟ್ಟಿಗೆಗಳ ಮೇಲೆ ಜಾಹೀರಾತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ. ಮಹಾರಾಜರ ಬೆಂಬಲದಿಂದ ಹುಟ್ಟಿದ ಪದಾರ್ಥಕ್ಕೆ ಮಹಾರಾಜರ ಹೆಸರಿಡದೆ ನಾಡಿನ ಮತ್ತು ಮರದ ಹೆಸರನ್ನೇ ಇಟ್ಟರು. ‘ಮೈಸೂರು ಸ್ಯಾಂಡಲ್’ ಶತಮಾನ ದಾಟಲು ಈ ತೀರ್ಮಾನವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಚಂದಾಪುರದವರಿಗೆ ಆಗ ಮೈಸೂರು ಪರನಾಡು. ಕಲಬುರಗಿ ಜಿಲ್ಲೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. ಸಾಬೂನಿನ ಹೆಸರು ಮಾತ್ರ ಬದಲಾಗಲಿಲ್ಲ.

ಊರಿನ ಹೆಸರು ಗುಣದ ಖಾತರಿಯಾಗುವ ಬಗೆ ಈ ಸೀಮೆಗೆ ಹೊಸದಲ್ಲ. ಮನೆ ಕಟ್ಟುವವನು ‘ಶಹಾಬಾದ್ ಹಾಸುಗಲ್ಲು’ ಎಂದರೆ ಸಾಕು, ಯಾವ ಗಣಿಯವರದು ಎಂದು ಯಾರೂ ಕೇಳುವುದಿಲ್ಲ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮೈಸೂರು ಗಂಧದೆಣ್ಣೆ, ಮೈಸೂರು ಸ್ಯಾಂಡಲ್ ಸಾಬೂನುಗಳಿಗೂ ಅದೇ ಕಾಯಿದೆಯ ರಕ್ಷಣೆಯಿದೆ. ಊರಿನ ಹೆಸರು ಅಲ್ಲಿ ದುಡಿಯುವವರೆಲ್ಲರ ಕೂಡು ಆಸ್ತಿ.

ತಾರೆ: ಎರವಲು ಹೆಸರು

ಪಶ್ಚಿಮದಲ್ಲಿ ಎಲಿಜಬೆತ್ ಟೇಲರ್ ಹೆಸರಿನ ‘ವೈಟ್ ಡೈಮಂಡ್ಸ್’ (1991), ಜೆನಿಫರ್ ಲೋಪೆಜ್‌ರ ‘ಗ್ಲೋ’ (2002) ಈ ವ್ಯಾಪಾರಕ್ಕೆ ದಾರಿ ಹಾಕಿದವು. ಏರ್ಪಾಟು ಸಾಮಾನ್ಯವಾಗಿ ಹೀಗಿರುತ್ತದೆ: ತಾರೆ ತನ್ನ ಹೆಸರು, ಚಿತ್ರ ಬಳಸಲು ಕಂಪನಿಗೆ ಪರವಾನಗಿ ಕೊಡುತ್ತಾರೆ, ಸುಗಂಧವನ್ನು ಹದಗೊಳಿಸುವವರು ಬೇರೆ ಕಸುಬುದಾರರು, ಮಾರಾಟದಲ್ಲಿ ತಾರೆಗೆ ರಾಯಧನ ಸಲ್ಲುತ್ತದೆ. ಬಿಡುಗಡೆಯ ಮುಹೂರ್ತವನ್ನು ತಾರೆಯ ಸುದ್ದಿ ಬಿಸಿಯಾಗಿರುವಾಗಲೇ ಗೊತ್ತುಮಾಡುತ್ತಾರೆ.

ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯವರ ‘ಎಸ್‌2’ ಇದಕ್ಕೆ ನಮ್ಮ ಹತ್ತಿರದ ನಿದರ್ಶನ. 2007ರ ಜನವರಿಯಲ್ಲಿ ಬ್ರಿಟನ್ನಿನ ‘ಸೆಲೆಬ್ರಿಟಿ ಬಿಗ್ ಬ್ರದರ್’ ಟಿ.ವಿ. ಕಾರ್ಯಕ್ರಮದ ಮನೆಯೊಳಗೆ ಜನಾಂಗೀಯ ನಿಂದನೆ ಅನುಭವಿಸಿ, ಕೊನೆಗೆ ಗೆದ್ದು ಬಂದ ಅವರು ಅಲ್ಲಿನ ಮನೆಮಾತಾದರು. ಅದೇ ವರ್ಷ ಅದೇ ದೇಶದಲ್ಲಿ ಆ ಸುಗಂಧ ಪೇಟೆಗೆ ಬಂತು. ಘನತೆಯಿಂದ ಸಹಿಸಿ ಗೆದ್ದ ಹೆಣ್ಣುಮಗಳೊಬ್ಬಳ ಬಗೆಗಿನ ಗೌರವ ಬಾಟಲಿಯ ಬಂಡವಾಳವಾಯಿತು. ಆ ಗೌರವ ನಿಜವಾದದ್ದು. ಬಾಟಲಿಯೊಳಗಿನ ದ್ರವ್ಯಕ್ಕೂ ಅದಕ್ಕೂ ಸಂಬಂಧ ಮಾತ್ರ ಕಾಣದು.

‘ಮೈಸೂರು ಸ್ಯಾಂಡಲ್’ ತಯಾರಿಸುವ, ಸರ್ಕಾರಿ ಸ್ವಾಮ್ಯದ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮವೂ ಈ ದಾರಿಗೆ ಬಂತು. 2006ರಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಪ್ರಚಾರ ರಾಯಭಾರಿಯಾದರು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಗಳ ಅವಧಿಗೆ, 6.20 ಕೋಟಿ ರೂಪಾಯಿಗೆ ನೇಮಿಸಲಾಯಿತು. ಕನ್ನಡದ ನಟಿಯರಿರಲಿಲ್ಲವೇ ಎಂದು ಕನ್ನಡಪರ ಸಂಘಟನೆಗಳು ಕೇಳಿದವು. ಕರ್ನಾಟಕದಾಚೆಯ ಪೇಟೆಯನ್ನು ಗೆಲ್ಲುವುದು ಉದ್ದೇಶ ಎಂದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ಉತ್ತರಿಸಿದರು.

ಹೊರಪೇಟೆ ಬೇಕೆಂಬ ಸಚಿವರ ವಾದದಲ್ಲಿ ಹುರುಳಿದೆ. ಶಾಸ್ತ್ರಿಗಳ ಒಂಟೆಗಳೂ ನಡೆದದ್ದು ಕರಾಚಿಯಲ್ಲೇ. ತಾರೆ ಯಾವ ನಾಡಿನವರು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎರಡು ವರ್ಷ ಎರಡು ದಿನ ಎಂಬ ಗಡುವಿನಲ್ಲಿದೆ. ತಾರೆಯ ಹೆಸರು ಎರವಲು ಒಡವೆ; ಮದುವೆ ಮುಗಿದ ಮೇಲೆ ಮರಳಿಸಲೇಬೇಕು. ಮರಳಿಸಿದ ದಿನ ಮನೆಯಲ್ಲಿ ಉಳಿಯುವುದು ಸ್ವಂತದ್ದು ಮಾತ್ರ, ಅಂದರೆ ಮರ, ಎಣ್ಣೆ ಮತ್ತು ಊರಿನ ಹೆಸರು.

ಮರದ ಕಡೆಗೆ

ಹಾಗಾದರೆ ಆ ಸ್ವಂತದ್ದು ಎಲ್ಲಿಂದ ಬರಬೇಕು? ಗಂಧದೆಣ್ಣೆ ಮರದ ಚೇಗಿನಲ್ಲಿರುತ್ತದೆ, ಚೇಗು ಕಟ್ಟಲು ಹದಿನೈದು ವರ್ಷವಾದರೂ ಬೇಕು. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಮರ ಸರ್ಕಾರದ ಸೊತ್ತು, ಕಾಯುವ ಕಷ್ಟ ಮಾತ್ರ ರೈತನದು ಎಂಬ ಸ್ಥಿತಿ ಬೆಳೆಯಿತು. 2001ರ ಕಾಯಿದೆ ತಿದ್ದುಪಡಿಯ ನಂತರವೇ ಹೊಲದ ಗಂಧಕ್ಕೆ ಹೊಲದವನು ಒಡೆಯನಾದ.

2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನಲ್ಲಿ ಶ್ರೀಗಂಧ ತಾನಾಗಿಯೇ ಬೆಳೆದಿದೆ. ಅದನ್ನು ಮುಟ್ಟಬಾರದು, ಆದರೆ ಈ ನೆಲ ಗಂಧಕ್ಕೆ ಒಗ್ಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಗಂಧದ ಸಸಿ ಒಂಟಿಯಾಗಿ ಬಾಳದು. ನೆರೆಯ ಗಿಡದ ಬೇರಿಗೆ ತನ್ನ ಬೇರು ಕೂಡಿಸಿ ಸಾರ ಹೀರುತ್ತದೆ. ಎಳೆಯ ಗಂಧಕ್ಕೆ ಆಸರೆಯಾಗಿ ನೆಡುವ ಗಿಡಗಳಲ್ಲಿ ತೊಗರಿಯೂ ಒಂದು. ತೊಗರಿಯ ಕಣಜವೆನಿಸಿದ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಜೋಡಿ ಸಿಗದು.

ಉಪಸಂಹಾರ

ಅರಸನ ಮುದ್ರೆ ಕಾಲು ಶತಮಾನದಲ್ಲಿ ಅಳಿಯಿತು. ತಾರೆಯ ಒಪ್ಪಂದಕ್ಕೆ ತಾರೀಖಿನ ಗಡುವಿದೆ. ಊರಿನ ಹೆಸರು ನೂರು ವರ್ಷ ದಾಟಿ ನಿಂತಿದೆ. ತಾರೆಯರನ್ನು ಕರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಕೊಡುವಷ್ಟೇ ಗಮನವನ್ನು ಗಂಧ ಬೆಳೆಯುವವರಿಗೂ ಕೊಡಬೇಕು ಎನ್ನುತ್ತಿದ್ದೇನೆ. ನಿಗಮ ತನ್ನ ಡಬ್ಬಿಯ ಮೇಲೆ ಗಂಧ ಬೆಳೆದ ತಾಲ್ಲೂಕಿನ ಹೆಸರನ್ನು ಅಚ್ಚು ಹಾಕಲಿ. ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಮತ್ತು ರಸಾಯನಶಾಸ್ತ್ರ ವಿಭಾಗಗಳು ಕೂಡಿ ಕುಳಿತು ‘ಲೋಕೋಪಕಾರ’ದ ಸುಗಂಧ ಪಾಕಗಳನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಲಿ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಬರೆದಿಟ್ಟ ಗಂಧವನ್ನು ಚಂದಾಪುರದ ಮಕ್ಕಳು ಒಮ್ಮೆಯಾದರೂ ತಮ್ಮ ಮುಂಗೈ ಮೇಲೆ ಹಚ್ಚಿಕೊಂಡು ಮೂಸುವಂತಾಗಲಿ.