ಮಕ್ಕಳ ಬೆಳವಣಿಗೆ ಮತ್ತು ದೇಹತೂಕ: ಅನುವಂಶೀಯತೆಯ ಪಾತ್ರ ಹಾಗೂ ಲಭ್ಯವಿರುವ ಸೇವೆಗಳು

(ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಭಾಗದ ಪೋಷಕರಿಗಾಗಿ ಮಾಹಿತಿ)

1. ಪೀಠಿಕೆ

ಅಂಗನವಾಡಿ ಕೇಂದ್ರದಲ್ಲಿ ಮಗುವಿನ ತೂಕ ಅಥವಾ ಎತ್ತರ ಕಡಿಮೆ ಇದೆ ಎಂದು ತಿಳಿಸಿದಾಗ, "ನಮ್ಮ ವಂಶದಲ್ಲಿ ಎಲ್ಲರೂ ಸಣಕಲು" ಎಂದು ಕೆಲವು ಪೋಷಕರು ಸುಮ್ಮನಾಗುವುದುಂಟು. ಅದೇ ರೀತಿ, ಮಗುವಿನ ತೂಕ ಮಿತಿಮೀರಿದಾಗಲೂ "ಅಜ್ಜನ ಹಾಗೆ ದಪ್ಪ" ಎಂಬ ಸಮಾಧಾನ ಕೇಳಿಬರುತ್ತದೆ. ಈ ಮಾತುಗಳಲ್ಲಿ ಸ್ವಲ್ಪ ಸತ್ಯಾಂಶವಿದ್ದರೂ, ಇದರಿಂದಾಗಿ ಚಿಕಿತ್ಸೆ ಸಾಧ್ಯವಿರುವ ತೊಂದರೆಗಳು ಗಮನಕ್ಕೆ ಬಾರದೆ ಹೋಗುವ ಸಾಧ್ಯತೆ ಇರುತ್ತದೆ. ಆದುದರಿಂದ ಬೆಳವಣಿಗೆಯಲ್ಲಿ ವಂಶದ ಪಾತ್ರವೆಷ್ಟು, ಆಹಾರ ಮತ್ತು ಆರೋಗ್ಯದ ಪಾತ್ರವೆಷ್ಟು, ಯಾವ ಹಂತದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಎತ್ತರ ಮತ್ತು ಅನುವಂಶೀಯತೆ

ಉತ್ತಮ ಆಹಾರ ಹಾಗೂ ಆರೋಗ್ಯ ಸೌಲಭ್ಯವಿರುವ ಸಮಾಜಗಳಲ್ಲಿ ವ್ಯಕ್ತಿಗಳ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇಕಡ 80ರಷ್ಟು ಅನುವಂಶೀಯ ಕಾರಣಗಳಿಂದ ಉಂಟಾಗುತ್ತದೆ. ಎತ್ತರವನ್ನು ಯಾವುದೋ ಒಂದು ವಂಶವಾಹಿ ನಿರ್ಧರಿಸುವುದಿಲ್ಲ. 2022ರಲ್ಲಿ ಪ್ರಕಟವಾದ, ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಒಳಗೊಂಡ ಅಧ್ಯಯನವು ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಅನುವಂಶೀಯ ವ್ಯತ್ಯಾಸಗಳನ್ನು ಗುರುತಿಸಿದೆ. ಇವುಗಳಲ್ಲಿ ಪ್ರತಿಯೊಂದರ ಪ್ರಭಾವವೂ ಅತ್ಯಲ್ಪವಾಗಿರುತ್ತದೆ.

ತಂದೆ ತಾಯಿಯ ಎತ್ತರದಿಂದ ಮಗುವಿನ ಅಂತಿಮ ಎತ್ತರವನ್ನು ಅಂದಾಜು ಮಾಡಲು ವೈದ್ಯರು ಈ ಕೆಳಕಂಡ ವಿಧಾನವನ್ನು ಬಳಸುತ್ತಾರೆ:

ಗಂಡು ಮಗು: ತಂದೆಯ ಎತ್ತರ ಮತ್ತು ತಾಯಿಯ ಎತ್ತರದ ಮೊತ್ತಕ್ಕೆ 13 ಸೆಂ.ಮೀ. ಕೂಡಿಸಿ, 2ರಿಂದ ಭಾಗಿಸುವುದು.
ಹೆಣ್ಣು ಮಗು: ಅದೇ ಮೊತ್ತದಿಂದ 13 ಸೆಂ.ಮೀ. ಕಳೆದು, 2ರಿಂದ ಭಾಗಿಸುವುದು.

ಉದಾಹರಣೆ: ತಂದೆ 168 ಸೆಂ.ಮೀ., ತಾಯಿ 154 ಸೆಂ.ಮೀ. ಇದ್ದಲ್ಲಿ, ಮಗನ ಅಂದಾಜು ಎತ್ತರ 167.5 ಸೆಂ.ಮೀ. ಹಾಗೂ ಮಗಳದು 154.5 ಸೆಂ.ಮೀ. ಆಗುತ್ತದೆ. ಇದರಲ್ಲಿ ಸುಮಾರು 8.5 ಸೆಂ.ಮೀ. ಹೆಚ್ಚು ಅಥವಾ ಕಡಿಮೆ ಆಗುವುದು ಸಹಜ. ತಂದೆ ತಾಯಿಯರೇ ಬಾಲ್ಯದಲ್ಲಿ ಅಪೌಷ್ಟಿಕತೆಯಿಂದ ಬಳಲಿದ್ದಲ್ಲಿ, ಅವರ ಎತ್ತರವನ್ನು ಮಗುವಿನ ಮಿತಿ ಎಂದು ಪರಿಗಣಿಸಲಾಗದು.

3. "ನಮ್ಮ ವಂಶವೇ ಹೀಗೆ" ಎಂಬುದು ಎಷ್ಟು ಸರಿ?

ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಓಮನ್ ಮತ್ತು ಅಮೆರಿಕ ದೇಶಗಳ ಮಕ್ಕಳ ಬೆಳವಣಿಗೆಯ ಅಧ್ಯಯನ ನಡೆಸಿತು. ಎದೆಹಾಲು, ಪೂರಕ ಆಹಾರ, ಲಸಿಕೆ ಹಾಗೂ ಶುಚಿಯಾದ ಪರಿಸರ ದೊರೆತಲ್ಲಿ ಈ ಎಲ್ಲ ದೇಶಗಳ ಮಕ್ಕಳು ಮೊದಲ 5 ವರ್ಷಗಳಲ್ಲಿ ಬಹುತೇಕ ಒಂದೇ ರೀತಿ ಉದ್ದ ಬೆಳೆಯುತ್ತಾರೆ ಎಂಬುದು ಇದರಿಂದ ದೃಢಪಟ್ಟಿತು. ಈ ಆಧಾರದ ಮೇಲೆ 2006ರಲ್ಲಿ ಬೆಳವಣಿಗೆ ಮಾನದಂಡಗಳನ್ನು ಪ್ರಕಟಿಸಲಾಯಿತು. ಅಂಗನವಾಡಿ ಕೇಂದ್ರಗಳ ಬೆಳವಣಿಗೆ ನಕ್ಷೆ ಹಾಗೂ ತಾಯಿ ಮಕ್ಕಳ ರಕ್ಷಣಾ ಕಾರ್ಡಿನಲ್ಲಿರುವ ನಕ್ಷೆಗಳು ಇದೇ ಮಾನದಂಡವನ್ನು ಅನುಸರಿಸುತ್ತವೆ. ಆದ್ದರಿಂದ "ಇದು ವಿದೇಶಿ ಮಕ್ಕಳ ಲೆಕ್ಕ, ನಮ್ಮ ಮಕ್ಕಳಿಗೆ ಅನ್ವಯವಾಗದು" ಎಂಬ ಅಭಿಪ್ರಾಯ ಸರಿಯಲ್ಲ.

ಮತ್ತೊಂದು ನಿದರ್ಶನವಾಗಿ ದಕ್ಷಿಣ ಕೊರಿಯಾವನ್ನು ನೋಡಬಹುದು. 1914ರಿಂದ 2014ರವರೆಗಿನ ನೂರು ವರ್ಷಗಳಲ್ಲಿ ಅಲ್ಲಿನ ಮಹಿಳೆಯರ ಸರಾಸರಿ ಎತ್ತರ ಸುಮಾರು 20 ಸೆಂ.ಮೀ. ಹೆಚ್ಚಾಯಿತು. ಇಷ್ಟು ಅಲ್ಪ ಅವಧಿಯಲ್ಲಿ ಒಂದು ಜನಾಂಗದ ವಂಶವಾಹಿಗಳು ಅಷ್ಟರಮಟ್ಟಿಗೆ ಬದಲಾಗಲು ಸಾಧ್ಯವಿಲ್ಲ. ಬದಲಾದದ್ದು ಆಹಾರ, ಆರೋಗ್ಯ ಮತ್ತು ಜೀವನ ಮಟ್ಟ.

4. ದೇಹತೂಕ ಮತ್ತು ಅನುವಂಶೀಯತೆ

ಹಸಿವು ಹಾಗೂ ಹೊಟ್ಟೆ ತುಂಬಿದ ಅನುಭವವನ್ನು ನಿಯಂತ್ರಿಸುವ ವಂಶವಾಹಿಗಳಲ್ಲಿನ ವ್ಯತ್ಯಾಸಗಳು ತೂಕದ ಮೇಲೆ ಪರಿಣಾಮ ಬೀರುತ್ತವೆ. 2007ರಲ್ಲಿ ತೂಕದೊಂದಿಗೆ ಸಂಬಂಧ ಕಂಡುಬಂದ ಎಫ್‌ಟಿಒ ಎಂಬ ವಂಶವಾಹಿಯ ಒಂದು ರೂಪವನ್ನು ತಂದೆ ಮತ್ತು ತಾಯಿ ಇಬ್ಬರಿಂದಲೂ ಪಡೆದ ವಯಸ್ಕರು, ಅದನ್ನು ಪಡೆಯದವರಿಗಿಂತ ಸರಾಸರಿ 3 ಕೆ.ಜಿ.ಯಷ್ಟು ಮಾತ್ರ ಹೆಚ್ಚು ತೂಕ ಹೊಂದಿದ್ದರು. ಅಂದರೆ ಸಾಮಾನ್ಯ ಸ್ಥೂಲಕಾಯಕ್ಕೆ ವಂಶವಷ್ಟೇ ಕಾರಣವಲ್ಲ.

ಆದರೆ ಅಪರೂಪಕ್ಕೆ ಒಂದೇ ವಂಶವಾಹಿಯ ದೋಷದಿಂದ ಶೈಶವದಲ್ಲಿಯೇ ತೀವ್ರ ಸ್ಥೂಲಕಾಯ ಉಂಟಾಗುವುದುಂಟು. ಲೆಪ್ಟಿನ್ ಎಂಬ ಹಾರ್ಮೋನಿನ ಕೊರತೆ ಇದಕ್ಕೆ ಉದಾಹರಣೆ. ಇದನ್ನು 1997ರಲ್ಲಿ ಮೊದಲ ಬಾರಿಗೆ ಮಕ್ಕಳಲ್ಲಿ ಗುರುತಿಸಲಾಯಿತು. ಈ ಹಾರ್ಮೋನನ್ನು ಚುಚ್ಚುಮದ್ದಿನ ಮೂಲಕ ನೀಡಿದಾಗ ಮಗುವಿನ ಹಸಿವು ಮತ್ತು ತೂಕ ಕಡಿಮೆಯಾಗಿರುವುದು 1999ರಲ್ಲಿ ವರದಿಯಾಯಿತು. ತೀರದ ಹಸಿವಿನಿಂದ ಬಳಲುವ ಮಗುವನ್ನು ಹೊಟ್ಟೆಬಾಕ ಎಂದು ನಿಂದಿಸದೆ, ವೈದ್ಯರಿಗೆ ತೋರಿಸುವುದು ಅವಶ್ಯಕ.

ಗರ್ಭಾವಸ್ಥೆಯ ಪೋಷಣೆಯೂ ಮುಖ್ಯವಾಗಿದೆ. ಈ ವಿಷಯದಲ್ಲಿ ನಮ್ಮ ರಾಜ್ಯದ ಮೈಸೂರಿನಲ್ಲಿ ನಡೆದ ಅಧ್ಯಯನಗಳು ಪ್ರಸಿದ್ಧವಾಗಿವೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಜನಿಸಿದ 517 ಜನರನ್ನು ಪರೀಕ್ಷಿಸಿದ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಜನನ ತೂಕ 2.5 ಕೆ.ಜಿ. ಅಥವಾ ಕಡಿಮೆ ಇದ್ದವರ ಪೈಕಿ ಶೇಕಡ 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕೆ.ಜಿ. ಅಥವಾ ಹೆಚ್ಚು ಇದ್ದವರಲ್ಲಿ ಈ ಪ್ರಮಾಣ ಶೇಕಡ 3 ಆಗಿತ್ತು. ಅದೇ ನಗರದಲ್ಲಿ 1997-98ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನದಲ್ಲಿ, ಗರ್ಭಾವಸ್ಥೆಯ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬಿನಾಂಶ ಹೆಚ್ಚಾಗಿರುವುದು ಕಂಡುಬಂದಿತು.

5. ಬೆಳವಣಿಗೆಯನ್ನು ಕುಂಠಿತಗೊಳಿಸುವ ಅನುವಂಶೀಯ ಕಾಯಿಲೆಗಳು

ಅ) ಅಕಾಂಡ್ರೋಪ್ಲೇಸಿಯಾ: ಕೈಕಾಲುಗಳ ಎಲುಬು ಗಿಡ್ಡವಾಗಿರುವ ಸ್ಥಿತಿ. ಸುಮಾರು ಶೇಕಡ 80ರಷ್ಟು ಪ್ರಕರಣಗಳಲ್ಲಿ ತಂದೆ ತಾಯಿ ಸಾಮಾನ್ಯ ಎತ್ತರದವರಾಗಿರುತ್ತಾರೆ. ದೋಷವು ಮಗುವಿನಲ್ಲಿ ಹೊಸದಾಗಿ ಉಂಟಾಗಿರುತ್ತದೆ. ಇದಕ್ಕಾಗಿ ತಾಯಿಯನ್ನಾಗಲಿ, ಯಾವುದೇ ಮನೆತನವನ್ನಾಗಲಿ ದೂಷಿಸುವುದು ಸರಿಯಲ್ಲ.

ಆ) ಟರ್ನರ್ ಸಿಂಡ್ರೋಮ್: ಸುಮಾರು 2,500 ಹೆಣ್ಣು ಮಕ್ಕಳಲ್ಲಿ ಒಬ್ಬರಿಗೆ ಬರುವ ವರ್ಣತಂತುವಿನ ಸಮಸ್ಯೆ. ಕಾರಣವಿಲ್ಲದೆ ಗಿಡ್ಡವಾಗಿರುವ ಹೆಣ್ಣು ಮಗುವಿಗೆ ಈ ಬಗ್ಗೆ ರಕ್ತ ಪರೀಕ್ಷೆ ಮಾಡಿಸುವುದು ಸೂಕ್ತ.

ಇ) ರಕ್ತಸಂಬಂಧದ ವಿವಾಹ: ತಂದೆ ತಾಯಿ ಇಬ್ಬರೂ ಆರೋಗ್ಯವಂತರಾಗಿದ್ದು ಒಂದೇ ದೋಷದ ವಾಹಕರಾಗಿದ್ದಲ್ಲಿ, ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇಕಡ 25 ಇರುತ್ತದೆ. ಸೋದರಮಾವ ಹಾಗೂ ಸೋದರ ಸೊಸೆ, ಅಥವಾ ಅತ್ತೆ ಮಾವನ ಮಕ್ಕಳ ನಡುವಿನ ವಿವಾಹಗಳಲ್ಲಿ ಈ ಸಂಭವ ಹೆಚ್ಚು. ಇಂತಹ ದಂಪತಿಗಳು ಮುಂದಿನ ಗರ್ಭಧಾರಣೆಗೆ ಮುನ್ನ ಅನುವಂಶೀಯ ಸಮಾಲೋಚನೆ ಪಡೆಯುವುದು ಒಳಿತು.

6. ಯಾವಾಗ ತಡಮಾಡಬಾರದು?

1) ಜನನ ತೂಕ 2.5 ಕೆ.ಜಿ.ಗಿಂತ ಕಡಿಮೆ ಇದ್ದಲ್ಲಿ.
2) ಬೆಳವಣಿಗೆ ನಕ್ಷೆಯಲ್ಲಿನ ರೇಖೆ ಸಮತಟ್ಟಾದಲ್ಲಿ ಅಥವಾ ಕೆಳಮುಖವಾದಲ್ಲಿ.
3) 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದಲ್ಲಿ ಅಥವಾ ಎರಡೂ ಪಾದಗಳಲ್ಲಿ ಊತವಿದ್ದಲ್ಲಿ (ಇದು ತೀವ್ರ ಅಪೌಷ್ಟಿಕತೆಯ ಲಕ್ಷಣ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು).
4) 4 ವರ್ಷದ ನಂತರ, ಪ್ರಾಯಕ್ಕೆ ಬರುವ ಮುನ್ನ, ಮಗು ವರ್ಷಕ್ಕೆ 5 ಸೆಂ.ಮೀ.ಗಿಂತ ಕಡಿಮೆ ಬೆಳೆಯುತ್ತಿದ್ದಲ್ಲಿ.
5) 5 ವರ್ಷದೊಳಗೇ ತೀವ್ರ ಸ್ಥೂಲಕಾಯ ಕಂಡುಬಂದಲ್ಲಿ.

ಥೈರಾಯ್ಡ್ ಹಾಗೂ ಬೆಳವಣಿಗೆ ಹಾರ್ಮೋನಿನ ಕೊರತೆಗೆ ಚಿಕಿತ್ಸೆ ಇದೆ. ಆದರೆ ಎಲುಬಿನ ತುದಿಯ ಬೆಳವಣಿಗೆ ಪದರಗಳು ಕೂಡಿಕೊಂಡ ನಂತರ ಎತ್ತರ ಹೆಚ್ಚಿಸಲು ಸಾಧ್ಯವಿಲ್ಲ. ಕಾದು ನೋಡುವುದರಿಂದ ಕಳೆದುಹೋದ ವರ್ಷಗಳು ಮರಳಿ ದೊರೆಯುವುದಿಲ್ಲ.

7. ಲಭ್ಯವಿರುವ ಸೇವೆಗಳು

ಅ) ಅಂಗನವಾಡಿ ಕೇಂದ್ರ: 6 ವರ್ಷದೊಳಗಿನ ಮಕ್ಕಳ ತೂಕ ಮತ್ತು ಎತ್ತರದ ಅಳತೆ ಹಾಗೂ ಪೂರಕ ಪೌಷ್ಟಿಕ ಆಹಾರ ಉಚಿತ. ಮನೆಯಲ್ಲಿ ರಾಗಿ ಮಣ್ಣಿ, ಹೆಸರುಕಾಳು ಬೆರೆಸಿದ ಕುಚ್ಚಲಕ್ಕಿ ಗಂಜಿ, ಬಸಳೆ, ನುಗ್ಗೆ ಸೊಪ್ಪು, ಮೊಟ್ಟೆ, ಮುಳ್ಳು ತೆಗೆದ ಬೂತಾಯಿ ಅಥವಾ ಬಂಗುಡೆ ಮೀನನ್ನು ವಯಸ್ಸಿಗೆ ತಕ್ಕಂತೆ ನೀಡಬಹುದು.

ಆ) ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಸಂಚಾರಿ ವೈದ್ಯರ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ 2 ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲಾ ಮಕ್ಕಳನ್ನು ವರ್ಷಕ್ಕೆ 1 ಬಾರಿ ತಪಾಸಣೆ ಮಾಡಿ, ಅಗತ್ಯವಿದ್ದಲ್ಲಿ ಮೇಲಿನ ಆಸ್ಪತ್ರೆಗೆ ಶಿಫಾರಸು ಮಾಡುತ್ತದೆ.

ಇ) ಪೌಷ್ಟಿಕ ಪುನಶ್ಚೇತನ ಕೇಂದ್ರ: ತೀವ್ರ ಅಪೌಷ್ಟಿಕ ಮಕ್ಕಳನ್ನು ತಾಯಿಯೊಂದಿಗೆ ಸಾಮಾನ್ಯವಾಗಿ 14 ದಿನ ದಾಖಲಿಸಿಕೊಂಡು ಚಿಕಿತ್ಸೆ ನೀಡಲಾಗುತ್ತದೆ.

ಈ) ಅನುವಂಶೀಯ ಸಮಾಲೋಚನೆ: ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದ್ದು, ಎಲುಬಿನ ಬೆಳವಣಿಗೆಯ ಕಾಯಿಲೆಗಳ ಬಗ್ಗೆ ಅಲ್ಲಿ ಸಂಶೋಧನೆ ನಡೆದಿದೆ. ಇದು ಖಾಸಗಿ ಸಂಸ್ಥೆಯಾದುದರಿಂದ ಶುಲ್ಕದ ವಿವರವನ್ನು ಮೊದಲೇ ವಿಚಾರಿಸುವುದು.

ಉ) ವಿಶಿಷ್ಟ ಗುರುತಿನ ಚೀಟಿ: ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ ಕುಬ್ಜತೆಯನ್ನು ಸೇರಿಸಲಾಗಿದೆ. ವೈದ್ಯಕೀಯ ಅಥವಾ ಅನುವಂಶೀಯ ಕಾರಣದಿಂದ ವಯಸ್ಕ ಎತ್ತರ 147 ಸೆಂ.ಮೀ. (4 ಅಡಿ 10 ಅಂಗುಲ) ಅಥವಾ ಕಡಿಮೆ ಇರುವುದನ್ನು ಕುಬ್ಜತೆ ಎಂದು ಅದರಲ್ಲಿ ವ್ಯಾಖ್ಯಾನಿಸಲಾಗಿದೆ. ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸುವುದು.

8. ಜೊತೆಯಲ್ಲಿ ತರಬೇಕಾದ ದಾಖಲೆಗಳು

1) ತಾಯಿ ಮಕ್ಕಳ ರಕ್ಷಣಾ ಕಾರ್ಡ್ ಅಥವಾ ಹಿಂದಿನ ತೂಕ, ಎತ್ತರದ ದಾಖಲೆ. ಒಂದು ದಿನದ ಅಳತೆಗಿಂತ ಹಲವು ತಿಂಗಳ ಅಳತೆಗಳು ವೈದ್ಯರಿಗೆ ಹೆಚ್ಚು ಉಪಯುಕ್ತ.
2) ಜನನ ಪ್ರಮಾಣ ಪತ್ರ ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರ.
3) ಆಧಾರ್ ಹಾಗೂ ಪಡಿತರ ಚೀಟಿಯ ಪ್ರತಿ.
4) ತಂದೆ, ತಾಯಿ, ಒಡಹುಟ್ಟಿದವರ ಎತ್ತರ ಹಾಗೂ ಕುಟುಂಬದಲ್ಲಿನ ಕಾಯಿಲೆಗಳ ವಿವರ.

9. ಸಂಪರ್ಕ

ಕಾಪು ಮತ್ತು ಕಾರ್ಕಳ ತಾಲ್ಲೂಕುಗಳವರು ಮೊದಲು ತಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯನ್ನು, ನಂತರ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಪೂರಕ ಆಹಾರ ಅಥವಾ ಅಳತೆಯ ಸೇವೆ ದೊರೆಯದಿದ್ದಲ್ಲಿ ಸಂಬಂಧಪಟ್ಟ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ, ಅಲ್ಲಿಯೂ ಪರಿಹಾರವಾಗದಿದ್ದಲ್ಲಿ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಕಚೇರಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ.

ಸೂಚನೆ: ಈ ಪುಟದ ಮಾಹಿತಿಯು ತಿಳಿವಳಿಕೆಗಾಗಿ ಮಾತ್ರ. ರೋಗ ನಿರ್ಣಯ ಮತ್ತು ಚಿಕಿತ್ಸೆಗೆ ವೈದ್ಯರ ಸಲಹೆಯೇ ಅಂತಿಮ.