ಕೊಲ್ಲಬೇಡಿ ಎಂದ ಬಿಷಪ್
ಕ್ರಿ.ಶ. 411ರ ಸುಮಾರು. ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ, ಅಂದರೆ ಇವತ್ತಿನ ಅಲ್ಜೀರಿಯಾದ ಅನ್ನಾಬಾದಲ್ಲಿ, ಅಗಸ್ಟೀನ್ ಬಿಷಪ್ ಆಗಿದ್ದರು. ಚರ್ಚಿನಿಂದ ಬೇರೆಯಾಗಿದ್ದ ಡೊನಾಟಿಸ್ಟ್ ಪಂಗಡದ ಕೆಲವರು ಇವರ ಕಡೆಯ ಒಬ್ಬ ಪಾದ್ರಿಯನ್ನು ಕೊಂದರು. ಇನ್ನೊಬ್ಬರ ಕಣ್ಣು ಕಿತ್ತು, ಬೆರಳು ಕತ್ತರಿಸಿದರು.

ಆಗ ಅಗಸ್ಟೀನ್ ರೋಮನ್ ಅಧಿಕಾರಿ ಮಾರ್ಸೆಲ್ಲಿನಸ್‌ಗೆ ಪತ್ರ ಬರೆದು ಕೇಳಿದ್ದೇನು ಗೊತ್ತಾ? ಅಪರಾಧಿಗಳನ್ನು ಕೊಲ್ಲಬೇಡಿ, ಅವರ ಕೈಕಾಲು ಕಡಿಯಬೇಡಿ. ಮತ್ತೆ ಹಿಂಸೆಗೆ ಇಳಿಯದಂತೆ ತಡೆದು, ಯಾವುದಾದರೂ ಉಪಯುಕ್ತ ಕೆಲಸಕ್ಕೆ ಹಚ್ಚಿ ಅಂತ. ಸತ್ತವನು ತಿದ್ದಿಕೊಳ್ಳುವುದು ಹೇಗೆ?

ಹಾಗಂತ ಅವರದು ಬರೀ ಕ್ಷಮೆಯಲ್ಲ. 408ರ ಸುಮಾರಿಗೇ, ಡೊನಾಟಿಸ್ಟರನ್ನು ಚರ್ಚಿಗೆ ಮರಳಿಸಲು ಸರ್ಕಾರದ ಬಲವಂತ ಸರಿ ಎಂದು ವಾದಿಸಿದ್ದರು. ಶತ್ರುಗಳಿಗಾಗಿ ಪ್ರಾರ್ಥಿಸಿ ಎಂಬ ಯೇಸುವಿನ ಮಾತು ಅವರನ್ನು ಕೊಲೆಗಾರರ ಜೀವ ಉಳಿಸಿ ಎಂದು ಬೇಡುವವರೆಗೆ ತಂದಿತು. ಬೇರೆ ನಂಬಿಕೆಯವರನ್ನು ಅವರ ಪಾಡಿಗೆ ಬಿಡಿ ಎನ್ನುವವರೆಗೆ ತರಲಿಲ್ಲ.