ಟೇಕಾಫ್ ವೇಳೆಯ ಗಮನಭಂಗ (ಸಣ್ಣ ವಿಮಾನಗಳಲ್ಲಿ)

ಸಣ್ಣ ವಿಮಾನವೊಂದು ರನ್‌ವೇ ಮೇಲೆ ಓಟ ಶುರುಮಾಡಿದಾಗಿನಿಂದ ಸುರಕ್ಷಿತ ಎತ್ತರ ಮುಟ್ಟುವ ತನಕ ಪೈಲಟ್‌ನ ಕಣ್ಣು, ಕೈ ಅಥವಾ ಮನಸ್ಸು ಹಾರಿಸುವ ಕೆಲಸ ಬಿಟ್ಟು ಬೇರೆಡೆ ಸರಿಯುವುದಕ್ಕೆ ಟೇಕಾಫ್ ವೇಳೆಯ ಗಮನಭಂಗ ಎನ್ನುತ್ತಾರೆ. ಕಾರಣ ಬಹಳ ಸಲ ಕ್ಷುಲ್ಲಕ: ಸರಿಯಾಗಿ ಹಾಕದ ಬಾಗಿಲು, ಜಾರಿದ ಹೆಡ್‌ಸೆಟ್, ಹಿಂದಿನ ಸೀಟಿನಿಂದ ಬಂದ ಪ್ರಶ್ನೆ, ಮೊಬೈಲ್. ದೊಡ್ಡ ವಿಮಾನದಲ್ಲಿ ಇಂಥದನ್ನು ನೋಡಿಕೊಳ್ಳಲು ಪಕ್ಕದಲ್ಲೊಬ್ಬ ಪೈಲಟ್ ಇರುತ್ತಾನೆ. ಖಾಸಗಿ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬನೇ.

ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಲ್ಲೆಡೆ ಕಾಣುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ನೆಲ ಬಿಟ್ಟ ಮೇಲೆ ಬಲಗಡೆಯ ಬಾಗಿಲು ತೆರೆದುಕೊಂಡಿತು ಎನ್ನೋಣ. ಭಾರೀ ಸದ್ದು, ಮುಖಕ್ಕೆ ರಪ್ಪೆಂದು ಗಾಳಿ, ಗಾಬರಿಯಾದ ಸಹಪ್ರಯಾಣಿಕ. ಆದರೆ ಎದುರುಗಾಳಿಯ ಒತ್ತಡಕ್ಕೆ ಬಾಗಿಲು ಕೆಲವು ಅಂಗುಲಕ್ಕಿಂತ ಹೆಚ್ಚು ತೆರೆಯದು, ವಿಮಾನ ಹಾರುತ್ತಲೇ ಇರುತ್ತದೆ. ಒಂದು ಸುತ್ತು ಹಾಕಿ ಇಳಿದರೆ ಕಥೆ ಮುಗಿಯಿತು. ಪೈಲಟ್ ಬಾಗಿಲೆಳೆಯಲು ಬಲಕ್ಕೆ ವಾಲಿದನೋ, ಕೆಟ್ಟಿತು. ಮೈ ವಾಲಿದಂತೆ ಎಡಗೈ ತನಗರಿವಿಲ್ಲದೆ ಕಂಟ್ರೋಲ್ ಚಕ್ರವನ್ನು ತನ್ನತ್ತ ಎಳೆಯುತ್ತದೆ, ಮೂತಿ ಮೇಲೇಳುತ್ತದೆ, ವೇಗ ಕುಸಿಯುತ್ತದೆ. ಏರುವಾಗ ಪ್ರೊಪೆಲರ್ ಮೂತಿಯನ್ನು ಎಡಕ್ಕೆ ಎಳೆಯುತ್ತಿರುತ್ತದಾದ್ದರಿಂದ ಬಲಗಾಲಲ್ಲಿ ರಡ್ಡರ್ ಪೆಡಲ್ (ಮೂತಿಯ ದಿಕ್ಕು ತಿದ್ದುವಂಥದು) ಒತ್ತಿಹಿಡಿದಿರಬೇಕು, ಆ ಕಾಲೂ ಸಡಿಲವಾಗಿರುತ್ತದೆ. ಈ ವಿಮಾನ ಏರುವ ವೇಗ ಸುಮಾರು 74 ನಾಟ್. 48 ನಾಟ್ ಸುಮಾರಿಗೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಅದೇ ಸ್ಟಾಲ್. ಆ ಹೊತ್ತಿಗೆ ಮೂತಿ ಎಡಕ್ಕೆ ತಿರುಗುತ್ತಿದ್ದರೆ ವಿಮಾನ ಗಿರಗಿರನೆ ಸುತ್ತುತ್ತಾ ಬೀಳುತ್ತದೆ. ಮುನ್ನೂರು ಅಡಿಯಲ್ಲಿ ಹಾಗಾದರೆ ಚೇತರಿಸಿಕೊಳ್ಳಲು ಎತ್ತರವೇ ಇರದು. ಹಳೆಯ ಸೆಸ್ನಾಗಳಲ್ಲಿ ಸೀಟು ಹಳಿಯ ಮೇಲೆ ಹಿಂದಕ್ಕೆ ಜಾರುವ ದೋಷವೂ ಇಂಥದೇ ಕೇಡು ಮಾಡುತ್ತಿತ್ತು. ಹಳಿಗಳ ತಪಾಸಣೆಗೆ ಅಮೆರಿಕದ ವಾಯುಯಾನ ಇಲಾಖೆ 1987ರಲ್ಲಿ ಆದೇಶ ಹೊರಡಿಸಿತು.

ಗಮನ ಕೆಡುವುದು ನೆಲ ಬಿಟ್ಟ ಮೇಲೆಯೇ ಎಂದೇನಿಲ್ಲ. ಚೆನ್ನೈನ ಮೀನಂಬಾಕ್ಕಂ ವಿಮಾನ ನಿಲ್ದಾಣ ಈಗ ಜೆಟ್‌ಗಳ ಊರು. ಅಲ್ಲಿ ದೊಡ್ಡ ಜೆಟ್ಟಿನ ಹಿಂದೆ ಹೊರಡುವ ಹಗುರ ವಿಮಾನ, ಆ ಜೆಟ್ ಬಿಟ್ಟುಹೋದ ಗಾಳಿಸುಳಿ ಅಡಗಲು ಕನಿಷ್ಠ ಎರಡು ನಿಮಿಷ ಕಾಯಬೇಕು. ಮೇ ತಿಂಗಳ ಬಿಸಿಲಲ್ಲಿ, ಎ.ಸಿ. ಇಲ್ಲದ ಕಾಕ್‌ಪಿಟ್ಟಿನಲ್ಲಿ ಆ ಕಾಯುವಿಕೆ ಗಮನಕ್ಕೆ ಒಳ್ಳೆಯದಲ್ಲ. ಬೆವರೊರೆಸಿಕೊಳ್ಳುತ್ತಾ, ಗಾಳಿಗೆಂದು ಬಾಗಿಲು ಅರೆ ತೆರೆದು ಕೂತಿರುವಾಗ ವಿಮಾನ ಸಂಚಾರ ನಿಯಂತ್ರಣ ಕೇಂದ್ರದಿಂದ (ಎಟಿಸಿ) ದಿಢೀರನೆ ಅನುಮತಿ ಬರುತ್ತದೆ. ಹಿಂದೆ ಸಾಲು ಕಾದಿದೆ ಎಂಬ ಅವಸರದಲ್ಲಿ ಚೆಕ್‌ಲಿಸ್ಟ್ ಅರ್ಧಕ್ಕೇ ನಿಲ್ಲುತ್ತದೆ. ಟೇಕಾಫ್‌ನ ಗಮನಭಂಗ ಎಷ್ಟೋ ಸಲ ರನ್‌ವೇಗೆ ಹೋಗುವ ಟ್ಯಾಕ್ಸಿವೇಯಲ್ಲೇ ಶುರುವಾಗಿರುತ್ತದೆ.

ಸಮುದ್ರಮಟ್ಟದ ಚೆನ್ನೈಗಿಂತ ಬೆಂಗಳೂರಿನ ಜಕ್ಕೂರು ವಿಮಾನನೆಲೆ ಸುಮಾರು 3,000 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಎಂಜಿನ್ನಿನ ಕಸುವು ಕಡಿಮೆ, ಏರುವುದು ನಿಧಾನ. ಹಾಗಾಗಿ ಗಮನ ತಪ್ಪಿದರೆ ಸರಿಪಡಿಸಿಕೊಳ್ಳಲು ಅವಕಾಶವೂ ಕಡಿಮೆ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಚುನಾವಣಾ ಪ್ರಚಾರಕ್ಕೆಂದು ಕರೀಂನಗರದತ್ತ ಹೊರಟ ಸೆಸ್ನಾ 180 ಅಲ್ಲಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ನಾಲ್ವರೂ ತೀರಿಕೊಂಡರು. ಅದನ್ನು ಗಮನಭಂಗದ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಆದರೆ ಏರುವ ಹಂತದಲ್ಲಿ ಪೈಲಟ್‌ಗೆ ಸಿಗುವ ಕಾಲ ಎಷ್ಟು ಕಿರಿದು ಎಂಬುದನ್ನು ಕನ್ನಡಿಗರು ಹತ್ತಿರದಿಂದ ಕಂಡದ್ದು ಅಂದು.

ಕಾನೂನು ಎಚ್ಚೆತ್ತುಕೊಂಡದ್ದು ದೊಡ್ಡ ವಿಮಾನಗಳ ದೆಸೆಯಿಂದ. 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನದ ಪೈಲಟ್‌ಗಳು ರಾಜಕೀಯ, ಹಳೆ ಕಾರು ಎಂದು ಹರಟುತ್ತಿದ್ದರು. ವಿಮಾನ ರನ್‌ವೇಗೆ ಮುನ್ನವೇ ನೆಲಕ್ಕಪ್ಪಳಿಸಿತು. ಹತ್ತು ಸಾವಿರ ಅಡಿಯೊಳಗೆ ಕಾಕ್‌ಪಿಟ್ಟಿನಲ್ಲಿ ಅನಗತ್ಯ ಮಾತುಕತೆ ಕೂಡದು ಎಂಬ 'ಸ್ಟೆರೈಲ್ ಕಾಕ್‌ಪಿಟ್' ನಿಯಮ 1981ರಲ್ಲಿ ಬಂತು. ವಿಚಿತ್ರವೆಂದರೆ, ಅದು ಕಟ್ಟಿಹಾಕಿದ್ದು ವಾಣಿಜ್ಯ ವಿಮಾನಗಳನ್ನು. ಯಾರಿಗೆ ಪಕ್ಕದಲ್ಲಿ ಎರಡನೇ ಜೋಡಿ ಕಣ್ಣಿಲ್ಲವೋ ಆ ಖಾಸಗಿ ಪೈಲಟ್‌ನ ವಿವೇಕಕ್ಕೆ ಎಲ್ಲವನ್ನೂ ಬಿಟ್ಟಿತು. 2014ರ ಮೇ 31ರ ನಡುರಾತ್ರಿಯ ಬಳಿಕ ಕೊಲರಾಡೊದಲ್ಲಿ ಸೆಸ್ನಾ 150 ಒಂದು ಹಾರಿದ ಸ್ವಲ್ಪ ಹೊತ್ತಿಗೆ ಬಿದ್ದು ಇಬ್ಬರು ಸತ್ತರು. ಅವಶೇಷಗಳಲ್ಲಿ ಸಿಕ್ಕ ಕ್ಯಾಮೆರಾದಲ್ಲಿ ಹಿಂದಿನ ಹಾರಾಟಗಳ ದೃಶ್ಯಗಳಿದ್ದವು: ಪೈಲಟ್, ಪ್ರಯಾಣಿಕರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕೆಳಮಟ್ಟದಲ್ಲಿ ಹಾರುವಾಗಿನ ಫೋನ್ ಬಳಕೆಯೇ ದಿಕ್ಕೆಡಿಸಿರಬಹುದೆಂದು ತನಿಖೆ ಹೇಳಿತು.

ಸ್ಟಾಲ್ ಅಪಘಾತಗಳಲ್ಲಿ ಹೆಚ್ಚಿನವು ಪೈಲಟ್‌ನ ಗಮನ ಕ್ಷಣಕಾಲ ತಪ್ಪಿದಾಗಲೇ ಆಗಿವೆ ಎಂಬುದು ಅಮೆರಿಕದ ಅಂಕಿಅಂಶಗಳ ಸಾರ. ಹಾಗಾಗಿ ಅಲ್ಲಿ ತರಬೇತುದಾರರು ಬೇಕೆಂದೇ ಕಾಟ ಕೊಡುತ್ತಾರೆ. ಸಾಕಷ್ಟು ಎತ್ತರದಲ್ಲಿ ನಿಧಾನವಾಗಿ ಹಾರುತ್ತಿರುವಾಗ ಪೆನ್ಸಿಲ್ ಬೀಳಿಸಿ ಎತ್ತಿಕೊಡು ಎನ್ನುವುದು, ಗಡಿಯಾರ ಸರಿಮಾಡಲು ಹೇಳುವುದು, ಹಿಂದಿನ ಸೀಟಿನಿಂದ ಏನಾದರೂ ತೆಗೆದುಕೊಡಲು ಕೇಳುವುದು. ವಿದ್ಯಾರ್ಥಿ ಪೆನ್ಸಿಲ್ ಎತ್ತಿಕೊಟ್ಟನೋ ಇಲ್ಲವೋ ಎಂಬುದಕ್ಕೆ ಅಂಕವಿಲ್ಲ. ಅಷ್ಟು ಹೊತ್ತೂ ವೇಗದ ಮುಳ್ಳು ಎಲ್ಲಿತ್ತು ಎಂಬುದನ್ನು ಅವರು ನೋಡುತ್ತಿರುತ್ತಾರೆ.